ಪರದೆಯ ನಾದಿನಿ

ನನ್ನ ಗಂಡ ಸತ್ತ ಸುದ್ದಿ ಕೇಳಿ ಮಾತಾಡಿಸಲು ಬಂದವರು, ಬಾಗಿಲು ತೆಗೆದ ನನ್ನ ಮುಖ ಕಂಡು ಹಾಗೇ ವಾಪಸ್ಸು ಹೋದದ್ದುಂಟು. ಒಬ್ಬಾಕೆ ತಂದಿದ್ದ ಕಿತ್ತಳೆಹಣ್ಣನ್ನೂ ಕೊಡದೆ ಮೆಟ್ಟಿಲಿಳಿದಳು. ಗಂಡನ ತಿಥಿ ಇನ್ನೂ ಮುಗಿದಿಲ್ಲ, ಹೆಂಡತಿ ತುಟಿಯ ಕೊನೆಯಲ್ಲಿ ನಗೆ ಇಟ್ಟುಕೊಂಡು ನಿಂತಿದ್ದಾಳೆ ಎಂದರೆ ಯಾರು ತಾನೇ ಒಳಗೆ ಬಂದು ಕೂರುತ್ತಾರೆ? ನನ್ನ ಮುಖ ಕೂತುಹೋಗಿದೆ ಎಂದು ಊರಿಗೆಲ್ಲ ಗೊತ್ತು. ಆದರೆ ಗೊತ್ತಿರುವುದು ಬೇರೆ, ಎದುರಿಗೆ ಕೂತು ನೋಡುವುದು ಬೇರೆ. ಕನ್ನಡಿಯಲ್ಲಿ ಆ ಹೆಂಗಸನ್ನು ಕಂಡರೆ ನನಗೇ ಕೆನ್ನೆಗೆ ಎರಡು ಬಾರಿಸೋಣ ಅನ್ನಿಸುತ್ತದೆ.

ನಮ್ಮ ಊರಿನಲ್ಲಿ ಮುಖ ಕೂರುತ್ತದೆ. ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಒಂದೇ ಥರ ಇಟ್ಟುಕೊಂಡರೆ ಸಾಕು, ಆಮೇಲೆ ಅದು ಅಲ್ಲಾಡುವುದಿಲ್ಲ. ದರ್ಜಿ ಮರಿಬಸಯ್ಯನ ತುಟಿ ಗುಂಡುಸೂಜಿ ಕಚ್ಚಿಕೊಂಡ ಹಾಗೆಯೇ ಕೂತಿದೆ. ಸೂಜಿ ಇಲ್ಲದಿದ್ದರೂ ಹಾಗೇ ಮಾತಾಡುತ್ತಾನೆ, ಹಾಗೇ ಬೀಡಿ ಸೇದುತ್ತಾನೆ. ಕಚೇರಿಯ ಜವಾನನಿಗೆ ಹುಬ್ಬುಗಂಟು ಕೂತು, ಸಾಹೇಬರಿಗಿಂತ ಅವನಿಗೇ ಹೆಚ್ಚು ನಮಸ್ಕಾರ ಬೀಳುತ್ತವೆ. ಫೋಟೋ ಸ್ಟುಡಿಯೋದವನು "ಸ್ವಲ್ಪ ನಗಿ" ಎಂದವನೇ "ಸಾಕು ಸಾಕು, ಬಿಡಿ" ಎನ್ನುತ್ತಾನೆ. ಶಾಲೆಯಲ್ಲಿ ಪಾಠದ ನಡುವೆ ಗಂಟೆ ಹೊಡೆದರೆ ಮಕ್ಕಳು ಮೇಷ್ಟ್ರನ್ನು ಅಣಕಿಸಬೇಕು, ಮೇಷ್ಟ್ರು ಮಕ್ಕಳನ್ನು. ನಿದ್ದೆಯಲ್ಲಿ ಭಯವಿಲ್ಲ, ಕನಸು ಮುಖವನ್ನು ಅಲ್ಲಾಡಿಸುತ್ತಲೇ ಇರುತ್ತದೆ. ಹೀಗೆ ಸ್ವಲ್ಪ ಹುಷಾರಾಗಿದ್ದರೆ ಬದುಕಿಗೇನೂ ತೊಂದರೆಯಿಲ್ಲ. ತೊಂದರೆ ಇರುವುದು ಸಾವಿನ ಮನೆಯಲ್ಲಿ.

ದುಃಖ ಬಂದು ಕೂತರೆ ತಾನಾಗಿ ಎದ್ದು ಹೋಗುವ ನೆಂಟನಲ್ಲ. ಅದಕ್ಕೇ ನಮ್ಮಲ್ಲಿ ಸಾವಾದ ಮನೆಗೆ ನಾದಿನಿ ಬರಬೇಕು, ಗಂಡಸಿಗಾದರೆ ಭಾವಮೈದುನ. ರೇಗಿಸುವ ಹಕ್ಕು ಇರುವವರು ಅವರೇ ತಾನೇ? ಬಂದು ಎದುರಿಗೆ ಕೂತು, ಬೈದು, ಚಿವುಟಿ, ಅಣಕಿಸಿ, ಅತ್ತವಳನ್ನು ಸಿಟ್ಟಿಗೆಬ್ಬಿಸಿ, ಸಿಟ್ಟಾದವಳನ್ನು ನಗಿಸಿ, ನಕ್ಕವಳನ್ನು ಮತ್ತೆ ಅಳಿಸಬೇಕು. ಮುಖ ಬಿಡಿಸುವುದು ಎನ್ನುತ್ತೇವೆ. ನನ್ನ ಗಂಡನ ತಂಗಿ ಜಯಶೀಲ ಇದರಲ್ಲಿ ಊರಿಗೇ ಹೆಸರಾದವಳು. ಬಾಯಿ ಎಂದರೆ ಅವಳದು. ನಾದಿನಿ ಇಲ್ಲದವರೂ ಕರೆಸಿಕೊಳ್ಳುತ್ತಿದ್ದರು. ನಮ್ಮಮ್ಮ ತೀರಿಕೊಂಡಾಗ ನಾನು ಕಂಬಕ್ಕೊರಗಿ ಗೋಡೆ ನೋಡುತ್ತಾ ಕೂತಿದ್ದೆ. ಜಯಶೀಲ ಬಂದವಳೇ, "ನಿಮ್ಮಮ್ಮ ಹೋದ್ಲು ಸರಿ ಅತ್ತಿಗೆ, ಆ ಮಾವಿನ ಮಿಡಿ ಜಾಡಿ ಎಲ್ಲಿಟ್ಟವ್ಳೆ ಅಂತ ಕೇಳ್ಕೊಂಡ್ಯಾ? ಇಲ್ಲಾಂದ್ರೆ ಹಿಂದೇನೇ ಓಡು, ಇನ್ನೂ ಬೀದಿ ಕೊನೇಲಿ ಇರ್ತಾಳೆ" ಅಂದಳು. ಅವಳ ಜುಟ್ಟು ಹಿಡಿಯಲು ಎದ್ದೆ. ಎದ್ದವಳಿಗೆ ನಗು ಬಂತು, ನಗುತ್ತಾ ಬಿಕ್ಕಿಬಿಕ್ಕಿ ಅತ್ತೆ. ಅವಳ ತೊಡೆಯ ಮೇಲೇ ಅತ್ತೆ. ಆ ದಿನ ನನ್ನ ಮುಖ ಉಳಿಯಿತು.

ನನ್ನ ಗಂಡ ದೊರೆರಾಜು ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟಿದ್ದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಬೆನ್ನ ಹಿಂದೆ ಗುಡಾಣದಷ್ಟು ಹೊಟ್ಟೆ ಇದ್ದ ಪರದೆ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಅಕ್ಷರವೆಲ್ಲ ಮಾಯವಾಗಿ, ಮೀನುಗಳು ಈ ಕಡೆಯಿಂದ ಆ ಕಡೆ ಈಜುತ್ತಿದ್ದವು. ಅರ್ಜಿ ಬರೆಸಲು ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. "ಇದ್ಯಾಕೆ ಹಿಂಗೆ?" ಎಂದು ಕೇಳಿದವರಿಗೆಲ್ಲ ನನ್ನ ಗಂಡ ಬೇಸರವಿಲ್ಲದೆ ಹೇಳುತ್ತಿದ್ದರು. "ಸ್ಕ್ರೀನ್ ಸೇವರ್ ಅಂತಾರೆ ಯಜಮಾನ್ರೆ. ಪರದೆ ಮೇಲೆ ಒಂದೇ ಅಕ್ಷರ ತುಂಬ ಹೊತ್ತು ನಿಂತ್ರೆ ಗಾಜಿನ ಒಳಗೆ ಅದರ ಕಲೆ ಕೂತ್ಬಿಡುತ್ತೆ. ಆಮೇಲೆ ಏನು ತೆಗೆದ್ರೂ ಹಿಂದೆ ಅದೇ ಕಾಣುತ್ತೆ. ಅದಕ್ಕೆ, ಯಾರೂ ಇಲ್ಲದಾಗ ಇವು ಬಂದು ಆಡ್ತಿರ್ತವೆ. ಮುಟ್ಟಿದ್ರೆ ಹೋಗ್ತವೆ."

ಬೇರೆ ಊರಿನಲ್ಲಾಗಿದ್ದರೆ ಇದನ್ನು ತಿಳಿಸಿ ಹೇಳಲು ಒಂದು ದಿನ ಬೇಕಾಗುತ್ತಿತ್ತೇನೋ. ನಮ್ಮವರಿಗೆ ಹೇಳುವ ಮೊದಲೇ ಅರ್ಥವಾಯಿತು. "ಓಹೋ, ಪರದೆಗೂ ನಾದಿನಿ!" ಎಂದು ಒಬ್ಬ ಮುದುಕ ತೊಡೆ ತಟ್ಟಿಕೊಂಡ. ಅಂದಿನಿಂದ ಅದಕ್ಕೆ ನಾದಿನಿ ಎಂದೇ ಹೆಸರಾಯಿತು. ಮೀನು ಕಂಡ ಕೂಡಲೇ "ದೊರೆ, ನಿನ್ನ ನಾದಿನಿ ಬಂದ್ಲು ನೋಡು" ಎನ್ನುವರು. ಬ್ಯಾಂಕಿನವರ ಪರದೆಯಲ್ಲಿ ಕೊಳಾಯಿಗಳು ಬೆಳೆಯುತ್ತಿದ್ದವು. ಅದು ಸಿಡುಕು ನಾದಿನಿ. ಆಸ್ಪತ್ರೆಯದರಲ್ಲಿ ಬರೀ ನಕ್ಷತ್ರ, ಅದು ಮೂಗಿ.

ತಮಾಷೆಗೆ ಇಟ್ಟ ಹೆಸರು ತಮಾಷೆಯಾಗಿ ಉಳಿಯಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಒಬ್ಬನಿಗೆ ಭಾವಮೈದುನರೇ ಇರಲಿಲ್ಲ. ಮನೆಯವರು ಓಡಿಬಂದು, "ನಿಮ್ಮ ಮೀನಾದ್ರೂ ತಂದು ಎದುರಿಗಿಡಿ" ಎಂದು ಕೈಮುಗಿದರು. ನನ್ನ ಗಂಡ ಪರದೆಯನ್ನೂ ಡಬ್ಬವನ್ನೂ ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋದರು. ಆ ಮನುಷ್ಯನ ಕಣ್ಣು ಮೀನಿನ ಹಿಂದೆ ಹೋಯಿತು, ಕಣ್ಣಿನ ಹಿಂದೆ ಹುಬ್ಬು, ಹುಬ್ಬಿನ ಹಿಂದೆ ಮುಖ. ಊರೆಲ್ಲ ಅದೇ ಮಾತು. ನಾದಿನಿಯರಾದರೆ ಹಳೆಯ ಸೇಡು ತೀರಿಸಿಕೊಳ್ಳುತ್ತಾರೆ, ಸೀರೆ ನಿರೀಕ್ಷಿಸುತ್ತಾರೆ, ಕರೆದಾಗ ಬರುವುದಿಲ್ಲ. ಇದು ಕರೆಂಟು ಕೊಟ್ಟರೆ ಸಾಕು. ಸಾವಾದಾಗಲೆಲ್ಲ ತಳ್ಳುಗಾಡಿ ಹೊರಡತೊಡಗಿತು. ಒಂದು ಸಂಗತಿಯನ್ನು ಮಾತ್ರ ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ನನ್ನ ಗಂಡ ಪರದೆಯ ಪಕ್ಕದಲ್ಲೇ ಕೂತಿರುತ್ತಿದ್ದರು. ಆಗಾಗ ಮೌಸ್ ಮುಟ್ಟಿ ಮೀನನ್ನು ಓಡಿಸುವರು. "ಎಲ್ಲಿ ಹೋಯ್ತು ಹೇಳಿ ನೋಡೋಣ" ಎನ್ನುವರು, ಕಾಫಿ ಕುಡಿಸುವರು, ಸತ್ತವರ ವಿಷಯ ಎತ್ತುವರು.

ಅವರಿಗೆ ಅದರ ಬಗ್ಗೆ ಕಟ್ಟುನಿಟ್ಟು ಬಹಳ. ಊರಿನಲ್ಲಿ ಯಾರ್‍ಯಾರೋ ಬಣ್ಣಬಣ್ಣದ ಸ್ಕ್ರೀನ್ ಸೇವರ್‌ಗಳನ್ನು ಸಿ.ಡಿ.ಯಲ್ಲಿ ಹಂಚುತ್ತಿದ್ದ ಕಾಲ. ಇವರು ಒಂದನ್ನೂ ಮುಟ್ಟಲಿಲ್ಲ. "ಸೊಸೆ ತರೋವಾಗ ಮನೆತನ ನೋಡ್ತೀರ, ನಾದಿನಿ ತರೋವಾಗ ನೋಡಲ್ವಾ? ಯಾರು ಮಾಡಿದ್ದೋ, ಒಳಗೆ ಏನಿಟ್ಟಿದಾರೋ! ಮೇಲೆ ಕುಣೀತಾ ಇರುತ್ತೆ, ಒಳಗೆ ಮನೆ ದೋಚ್ತಾ ಇರುತ್ತೆ" ಎನ್ನುತ್ತಿದ್ದರು. ನನಗೂ ಹೇಳಿದ್ದರು, "ಚೆಲುವಾ, ಮುಟ್ಟಿದ ತಕ್ಷಣ ಹೋಗಬೇಕು, ಅದೇ ಒಳ್ಳೇದು. ಮುಟ್ಟಿದ್ರೂ ಹೋಗದೇ ಇದ್ರೆ ಹಿಂದೆ ಮುಂದೆ ನೋಡಬೇಡ, ಗೋಡೆಯಿಂದ ಪ್ಲಗ್ ಕಿತ್ತು ಎದ್ದು ಬಾ." ಚೆಲುವಾಂಬ ಎಂಬ ನನ್ನ ಹೆಸರನ್ನು ಹಾಗೆ ತುಂಡು ಮಾಡಿ ಕರೆಯುತ್ತಿದ್ದವರು ಅವರೊಬ್ಬರೇ.

ತಳ್ಳುಗಾಡಿ ಶುರುವಾದ ಮೇಲೆ ಜಯಶೀಲಳನ್ನು ಕರೆಯುವವರು ಕಡಿಮೆಯಾದರು. ಒಂದು ದಿನ ಅಂಗಡಿಗೇ ಬಂದು ಎಲ್ಲರೆದುರು ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು. "ನನ್ನ ಬಾಯಿಗಿಂತ ನಿನ್ನ ಮೀನು ಹೆಚ್ಚಾಯ್ತಾ? ನಾಳೆ ನಿನ್ನ ಮನೇಲೇ ಏನಾದ್ರೂ ಆದ್ರೆ ಯಾರು ಬರ್ತಾರೆ, ಇದು ಬರುತ್ತಾ?" ನಾನು ಸುಮ್ಮನಿರಬಹುದಿತ್ತು. "ಬರುತ್ತೆ, ಅದೂ ಬಾಯಿ ಮುಚ್ಕೊಂಡು ಬರುತ್ತೆ" ಅಂದೆ. ಅಂಗಡಿಯಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ಅತ್ತಿಗೆ ನಾದಿನಿಯರ ಮಾತು ಹರಿತವಾಗಿಯೇ ಇರುತ್ತದೆ, ಆದರೆ ಅದಕ್ಕೆ ಪ್ರೀತಿಯ ಒಂದು ಒರೆ ಇರಬೇಕು. ಅಂದು ಆ ಒರೆ ಎಲ್ಲೋ ಬಿದ್ದುಹೋಯಿತು. ಮಾತು ಬಿಟ್ಟೆವು.

ಆ ವರ್ಷವೇ ಕಾಮಾಲೆ ಬಂದು ನನ್ನ ಗಂಡ ಹೋದರು. ಹೇಗೆ ಹೋದರು, ಎಷ್ಟು ನರಳಿದರು ಎಂದು ಹೇಳುವುದಿಲ್ಲ, ಅದು ನನ್ನದು. ಮಗಳು ಹರಿಣಿಗೆ ಶಾಲೆಗೆ ಹಾಕುವ ವಯಸ್ಸೂ ಆಗಿರಲಿಲ್ಲ. ಮಣ್ಣು ಮಾಡುವಾಗ ಜಯಶೀಲ ಆ ಕಡೆ ನಿಂತಿದ್ದಳು, ನಾನು ಈ ಕಡೆ. ಮಾರನೆಯ ದಿನ ಅವಳು ಮನೆಯ ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ಕಣ್ಣು ಸಣ್ಣಗಾಗಿದ್ದವು. ಹೊಸಿಲಿನ ಆಚೆಯೇ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಏನೇ ಮಾರಾಯ್ತಿ, ನಮ್ಮಣ್ಣನ್ನ ತಿಂದು ತೇಗಿ ಹಾಯಾಗಿ ಕೂತಿದೀಯಾ?" ಅಂದಳು.

ಅದು ಮುಖ ಬಿಡಿಸುವ ಮಾತು. ಎಷ್ಟು ಕೆಟ್ಟದಾಗಿದ್ದರೆ ಅಷ್ಟು ಒಳ್ಳೆಯದು ಎಂದು ಹುಡುಕಿ ತಂದ ಮಾತು. ಬೇರೆ ಯಾವ ವರ್ಷವಾಗಿದ್ದರೂ ಅವಳ ಜುಟ್ಟು ಹಿಡಿಯಲು ಓಡುತ್ತಿದ್ದೆ, ನಗುತ್ತಿದ್ದೆ, ಅಳುತ್ತಿದ್ದೆ. ಆದರೆ ಜಗಳವಾಗಿ ಮಾತು ಬಿಟ್ಟವರ ನಡುವೆ ಚೇಷ್ಟೆ ಯಾವುದು ಶಾಪ ಯಾವುದು ಎಂದು ಹೇಗೆ ತಿಳಿಯಬೇಕು? ನಿಜವಾಗಿಯೇ ಅಂದಳು ಎಂದುಕೊಂಡೆ. "ನಿನ್ನ ಬಾಯಿ ನನಗೆ ಬೇಡ. ನಮ್ಮನೇಲಿ ಪರದೆ ಇದೆ" ಎಂದು ಬಾಗಿಲು ಹಾಕಿದೆ. ಅಗಳಿ ಹಾಕಿದ ಮೇಲೂ ಅವಳು ಬಹಳ ಹೊತ್ತು ನಿಂತಿದ್ದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಕಾಲಿನ ನೆರಳು ಕಾಣುತ್ತಿತ್ತು.

ಅಂಗಡಿಯಿಂದ ಪರದೆಯನ್ನು ಮನೆಗೆ ತರಿಸಿದ್ದೆ. ಹಚ್ಚಿದರೆ ಮೀನು ಬಂತು. ಆದರೆ ಅವು ಅವರ ಮೀನು. ಅವರು ಪಕ್ಕದಲ್ಲಿಲ್ಲದೆ ಈಜುತ್ತಿದ್ದವು. ನೋಡಲಾಗಲಿಲ್ಲ, ಆರಿಸಿದೆ. ಎದುರುಮನೆಯ ಹಾಲಪ್ಪ ಮೇಷ್ಟ್ರು ಒಳ್ಳೆಯ ಮನುಷ್ಯ. ನನ್ನ ಪಾಡು ನೋಡಿ ಎಲ್ಲಿಂದಲೋ ಒಂದು ಸಿ.ಡಿ. ತಂದರು. "ಹೊಸಾದು ಕಣಮ್ಮ, ಬಿಟ್ಟಿ ಕೊಟ್ರು. ಒಂದು ಮಗು ಇದೆ ಇದರಲ್ಲಿ, ಬೀಳ್ತದೆ, ಏಳ್ತದೆ, ಎದ್ದು ನಗ್ತದೆ. ಎಂಥಾ ಕಲ್ಲಿನಂಥೋರೂ ನಕ್ಕುಬಿಡಬೇಕು." ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಯಾರು ಕೊಟ್ಟರು, ಅವರಿಗೆ ಯಾರು ಕೊಟ್ಟರು ಎಂದು ನಾನು ಕೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮನೆತನ ನೋಡುವವರು ಮಣ್ಣಿನಲ್ಲಿದ್ದರು.

ಮಾರನೆಯ ಬೆಳಿಗ್ಗೆ ಹರಿಣಿಗೆ ಉಪ್ಪಿಟ್ಟು ತಿನ್ನಿಸಿ ಮೇಷ್ಟ್ರ ಮನೆಗೆ ಆಡಲು ಕಳಿಸಿ, ಪರದೆಯ ಮುಂದೆ ಕೂತೆ. ಗುಂಡುಗುಂಡಗಿನ ಮಗು ಓಡಿಬಂತು, ದೊಪ್ಪನೆ ಬಿತ್ತು, ಮಣ್ಣು ಕೊಡವಿಕೊಂಡು ಎದ್ದಿತು, ನಕ್ಕಿತು. ಮತ್ತೆ ಓಡಿತು, ಬಿತ್ತು, ಎದ್ದಿತು. ಅವರು ಹೋದ ಮೇಲೆ ಮೊದಲ ಸಲ ನನಗೆ ನಗು ಬಂತು. ಮಗು ಇನ್ನೊಂದು ಸಲ ಓಡಿತು, ಬಿತ್ತು, ಕೈಯೂರಿ ಅರ್ಧ ಎದ್ದಿತು. ಹಾಗೇ ನಿಂತುಹೋಯಿತು.

ಮಗು ಬಿದ್ದಾಗ ತಾಯಂದಿರು ಒಂದು ನಗೆ ಇಟ್ಟುಕೊಳ್ಳುತ್ತಾರೆ. ಎದೆ ಧಸಕ್ಕೆಂದಿದ್ದರೂ, ಏನೂ ಆಗಿಲ್ಲ ಏಳು ಎನ್ನುವ ನಗೆ. ಮಗು ತಾಯಿಯ ಮುಖ ನೋಡಿ, ಅಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ನನ್ನ ತುಟಿಯಲ್ಲಿ ಆಗ ಇದ್ದದ್ದು ಆ ನಗೆ. ಈಗ ಏಳುತ್ತದೆ, ಈಗ ಏಳುತ್ತದೆ ಎಂದು ಕಾದೆ. ಮೌಸ್ ಅಲ್ಲಾಡಿಸಿದೆ, ಹೋಗಲಿಲ್ಲ. ಕೀಲಿಗಳನ್ನು ಒತ್ತಿದೆ, ಹೋಗಲಿಲ್ಲ. ಪ್ಲಗ್ ಕೀಳಬೇಕೆಂದು ನೆನಪಿತ್ತು. ಆದರೆ ಬಿದ್ದ ಮಗುವನ್ನು ಅರ್ಧಕ್ಕೆ ಬಿಟ್ಟು ಹೇಗೆ ಏಳುವುದು? ಅವರು ಕಾಯಿಲೆ ಬಿದ್ದಾಗಿನಿಂದ ನಾನು ಕಣ್ಣು ಮುಚ್ಚಿರಲಿಲ್ಲ. ಕಣ್ಣು ತೆರೆದೇ ಇತ್ತು, ನಾನು ಇರಲಿಲ್ಲ. ಯಾರೂ ಇಲ್ಲದಾಗ ಬರುವಂಥದ್ದು ಅದು ಎಂದು ಇವರು ಹೇಳುತ್ತಿದ್ದದ್ದು ನಿಜ. ಆ ಪರದೆಯ ಮುಂದೆ ಅಂದು ಯಾರೂ ಇರಲಿಲ್ಲ.

ಬಿಸಿಲು ಒಲೆಯ ಹತ್ತಿರಕ್ಕೆ ಬಂದಾಗ ಹರಿಣಿ ಊಟಕ್ಕೆಂದು ಓಡಿಬಂದಳು. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖವೂ ಅರಳಿತು. "ಅಮ್ಮಾ, ಅಪ್ಪ ಬಂದ್ರಾ?" ಎಂದು ಕೇಳಿದಳು. ಇಲ್ಲ ಕಂದಾ ಎನ್ನಲು ಮುಖ ಬದಲಿಸಹೋದೆ. ಮುಖ ಬರಲಿಲ್ಲ. ಅವಳು ಕೋಣೆಗೆ ಓಡಿ ನೋಡಿದಳು, ಹಿತ್ತಲಿಗೆ ಓಡಿ ನೋಡಿದಳು, ಬಚ್ಚಲು ನೋಡಿದಳು. ಪ್ರತಿಸಲವೂ ಬಂದು ನನ್ನ ಮುಖ ನೋಡಿ ಮತ್ತೆ ಹುಡುಕಲು ಹೋಗುತ್ತಿದ್ದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪ್ಲಗ್ ಕಿತ್ತೆ. ಆಮೇಲೆ ಹಚ್ಚಿದರೆ ಪರದೆ ಕಪ್ಪಗೇ ಉಳಿಯಿತು. ಮೀನೂ ಹೋಯಿತು, ಇವರು ಟೈಪು ಮಾಡಿಟ್ಟದ್ದೆಲ್ಲ ಹೋಯಿತು. ಹಾಲಪ್ಪ ಮೇಷ್ಟ್ರು ನನ್ನ ಎದುರು ಬರುವುದನ್ನೇ ಬಿಟ್ಟರು. ತಿಥಿಯ ದಿನ ಎಡೆ ಇಡುವಾಗ ಹೆಂಗಸರು ನನ್ನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದರು. ನಾನೂ ತಕರಾರು ಮಾಡಲಿಲ್ಲ.

ನನ್ನ ಮುಖ ಹಾಳಾಗಲಿ, ಅದರಿಂದ ಈಗ ಯಾರಿಗೇನಾಗಬೇಕಿತ್ತು? ನನಗೆ ಹೆದರಿಕೆ ಹುಟ್ಟಿದ್ದು ಹರಿಣಿಯನ್ನು ನೋಡಿ. ಅವಳು ಅಳುವುದನ್ನು ಬಿಟ್ಟಳು. ಬಿದ್ದರೆ ತಿರುಗಿ ನನ್ನ ಮುಖ ನೋಡುವಳು. ನನ್ನ ಮುಖ ಏನೂ ಆಗಿಲ್ಲ ಏಳು ಎನ್ನುವುದು. ಎದ್ದು ನಗುವಳು. "ಎಷ್ಟು ಗಟ್ಟಿ ಮಗು" ಎಂದು ನೆರೆಯವರು ಹೊಗಳಿದರು. ಕಾದ ಹೆಂಚಿಗೆ ಕೈ ತಾಗಿ ಬೊಬ್ಬೆ ಎದ್ದಾಗಲೂ ನನ್ನನ್ನೇ ನೋಡಿದಳು, ಕಣ್ಣಿನಲ್ಲಿ ನೀರು ತುಂಬಿತ್ತು, ತುಟಿಯಲ್ಲಿ ನಗೆ. ಆ ನಗೆ ಅವಳದಲ್ಲ, ನನ್ನದು. ಒಂದು ಬೆಳಿಗ್ಗೆ ತಿಂಡಿಯಾದ ಮೇಲೆ ನನ್ನ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಹಳ ಹೊತ್ತಿನಿಂದ ಅದೇ ನಗೆ ಇಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಬಿಸಿಲು ಒಲೆಯ ಹತ್ತಿರಕ್ಕೆ ಬರುತ್ತಿತ್ತು. ತೊಡೆ ಚಿವುಟಿದೆ. ನಗುತ್ತಾ ನನ್ನನ್ನು ನೋಡಿದಳು. ಇನ್ನೂ ಜೋರಾಗಿ ಚಿವುಟಿದೆ, ಬೈದೆ. ಬೈಗುಳ ಕೇಳಿ ಮುಖ ನೋಡಿ, ಆಟ ಎಂದುಕೊಂಡಳು. ಕೊನೆಗೆ ತಣ್ಣೀರು ತಂದು ಮುಖಕ್ಕೆ ಎರಚಿದೆ. ಉಸಿರು ಕಟ್ಟಿ ಮುಖ ಅಲ್ಲಾಡಿತು. ಅವಳನ್ನು ಎತ್ತಿಕೊಂಡು, ಮುಖವನ್ನು ನನ್ನ ಹೆಗಲಿಗೆ ಒತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಜಯಶೀಲಳ ಮನೆಗೆ ನಡೆದೆ.

ಬಾಗಿಲು ತೆಗೆದವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೇಳಿದ್ದಳು, ಕಂಡಿರಲಿಲ್ಲ. "ನಗ್ತಾ ಬಂದಿದೀಯಲ್ಲೇ" ಅಂದಳು. ಮೊದಲು ನನ್ನ ಕೈ ಹಿಡಿದಳು. ಒಳಗೆ ಕರೆದು ಕೂರಿಸಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಶುರು ಮಾಡಿದಳು. ನಮ್ಮಪ್ಪನ ಬಕ್ಕತಲೆಯಿಂದ ಹಿಡಿದು ನನ್ನ ಸಾರಿನ ರುಚಿಯವರೆಗೆ, ನನ್ನ ಮದುವೆಯಲ್ಲಿ ಕರೆಂಟು ಹೋದದ್ದರಿಂದ ಹಿಡಿದು ಅವಳಣ್ಣ ಕತ್ತಲಲ್ಲಿ ಬೇರೆ ಹುಡುಗಿಗೆ ತಾಳಿ ಕಟ್ಟಹೋದದ್ದರವರೆಗೆ. ಚಿವುಟಿದಳು, ಕಿವಿ ಹಿಂಡಿದಳು. ಒಳಗೆ ನನಗೆ ಸಿಟ್ಟು ಬಂತು, ನಗು ಬಂತು, ಅಳು ಬಂತು, ಒಂದರ ಹಿಂದೆ ಒಂದು ಹಳೆಯ ಹಾಗೇ ಬಂದವು. ಮುಖಕ್ಕೆ ಯಾವುದೂ ತಲುಪಲಿಲ್ಲ. ನಗೆಯ ಮೇಲೇ ಕಣ್ಣೀರು ಇಳಿಯಿತು. ಅವಳ ಬಾಯಿ ಮೆಲ್ಲಗೆ ನಿಂತಿತು. ಊರಿನಲ್ಲಿ ಯಾರೂ ಜಯಶೀಲಳ ಬಾಯಿ ನಿಂತದ್ದನ್ನು ಕಂಡಿಲ್ಲ.

"ಅವತ್ತು ನಾನು ಅಂದಿದ್ದು ನಿಂಗೆ ಹಂಗೆ ಕೇಳಿಸ್ತಾ ಅತ್ತಿಗೆ?" ಅಂದಳು. "ರಾತ್ರಿಯೆಲ್ಲ ಯೋಚ್ನೆ ಮಾಡಿ ತಂದಿದ್ದೆ ಕಣೆ ಆ ಮಾತ."

"ಗೊತ್ತು. ಈಗ ಗೊತ್ತು" ಅಂದೆ. "ನನ್ನ ಬಿಡು. ಇವಳನ್ನ ಇಟ್ಕೊ. ನನ್ನ ಮುಖ ನೋಡ್ಕೊಂಡು ಬೆಳೀಬಾರ್ದು ಇವಳು."

"ಎಲ್ಲೀವರೆಗೆ?"

"ಬಿದ್ರೆ ನೋವಾಗುತ್ತೆ ಅಂತ ಅವಳಿಗೆ ಗೊತ್ತಾಗೋವರೆಗೆ."

ಜಯಶೀಲ ನನ್ನನ್ನೇ ನೋಡಿದಳು. ಅಷ್ಟು ಹೊತ್ತು ನನ್ನ ಮುಖವನ್ನು ನೇರವಾಗಿ ನೋಡಿದವರು ಅವಳೊಬ್ಬಳೇ. "ಬಾರೇ ಕೋತಿ" ಎಂದು ಹರಿಣಿಯನ್ನು ಕೆಳಗಿಳಿಸಿ ಕೈ ಹಿಡಿದಳು. "ಹಿತ್ತಲಲ್ಲಿ ಹಸು ಕರು ಹಾಕಿದೆ, ತೋರಿಸ್ತೀನಿ."

ನಾನು ಬೀದಿಗಿಳಿದೆ. ಹರಿಣಿಗೆ ಆಗ ಅರ್ಥವಾಯಿತು. ಅತ್ತೆಯ ಕೈ ಕೊಸರಿಕೊಂಡು ಓಡಿಬಂದಳು, ಕಲ್ಲುಮೆಟ್ಟಿಲಿನಲ್ಲಿ ಕಾಲು ತಪ್ಪಿ ಬಿದ್ದಳು. ಮಂಡಿ ತರಚಿ ರಕ್ತ ಬಂತು. ಕೈಯೂರಿ ಅರ್ಧ ಎದ್ದು, ಅಭ್ಯಾಸದಂತೆ ತಲೆಯೆತ್ತಿ ನನ್ನ ಮುಖ ಹುಡುಕಿದಳು.

ನಾನು ಸೆರಗನ್ನು ಎಳೆದು ಮುಖದ ಮೇಲೆ ಹಾಕಿಕೊಂಡೆ. ಬಟ್ಟೆಯ ಒಳಗಿಂದ ಏನೂ ಕಾಣಿಸಲಿಲ್ಲ. "ಅಯ್ಯೋ, ರಕ್ತ! ನೋವಾಯ್ತೇನೆ ನನ್ನ ಬಂಗಾರ?" ಎಂದು ಜಯಶೀಲ ಓಡಿಬಂದದ್ದು ಕೇಳಿಸಿತು. ಆಮೇಲೂ ಸ್ವಲ್ಪ ಹೊತ್ತು ಏನೂ ಇಲ್ಲ. ನನ್ನ ಉಸಿರಿಗೆ ಸೆರಗು ತುಟಿಗಂಟುತ್ತಿತ್ತು. ಆಮೇಲೆ ಹರಿಣಿ ಅತ್ತಳು. ಮೊದಲು ಸಣ್ಣದಾಗಿ, ಆಮೇಲೆ ಬೀದಿಯವರೆಲ್ಲ ಬಾಗಿಲಿಗೆ ಬರುವಷ್ಟು ಜೋರಾಗಿ, ಅಮ್ಮಾ ಅಮ್ಮಾ ಎಂದು ಕೂಗಿ ಅತ್ತಳು. ನಾನು ತಿರುಗಿ ನೋಡದೆ ಮನೆಯ ಕಡೆ ನಡೆದೆ.

ಈಗಲೂ ದಿನಾ ಸಂಜೆ ಆ ಮನೆಯ ಹಿತ್ತಲ ಗೋಡೆಯ ಆಚೆ ಹೋಗಿ ನಿಲ್ಲುತ್ತೇನೆ. ಅವಳು ಅಳುವುದು ಕೇಳಿಸಿದ ದಿನ ನೆಮ್ಮದಿಯಾಗಿ ಊಟ ಮಾಡುತ್ತೇನೆ.